ಮುಚ್ಚಿಹೋದ ಐದು ಗಾಯಗಳು

ನಮ್ಮ ಚೌರಿಪಾಳ್ಯದ ಕ್ರೈಸ್ತ ದೇವಾಲಯದ ಪಕ್ಕದಲ್ಲಿ, ಹೆಂಚು ಒಡೆದಲ್ಲೆಲ್ಲ ತಗಡು ಹೊದಿಸಿದ್ದ ಒಂದೇ ಕೋಣೆಯಲ್ಲಿ ಪೂಜ್ಯ ಮುಡಿಯಪ್ಪ ಸ್ವಾಮಿಗಳು ಇಪ್ಪತ್ತಾರು ವರ್ಷ ವಾಸವಾಗಿದ್ದರು. ಒಂದು ಹಗ್ಗದ ಮಂಚ, ಒಂದು ಮರದ ಪೆಟ್ಟಿಗೆ, ಗೋಡೆಗೊಂದು ಶಿಲುಬೆ. ಭಾನುವಾರದ ಬಲಿಪೂಜೆ ಮುಗಿದ ಮೇಲೆ ಕೈಲಾಗದ ಮುದುಕರನ್ನು ಬೇವಿನ ಮರದಡಿ ಕೂರಿಸಿಕೊಂಡು ತಾವೇ ಕ್ಷೌರ ಮಾಡುತ್ತಿದ್ದರು. "ಸ್ವಾಮಿಯೋರೇ, ಮೀಸೆ ಮಾತ್ರ ಉಳಿಸಿ, ಇರೋದು ಅದೊಂದೇ ಆಸ್ತಿ" ಎಂದು ಮುದುಕರು ಅಂಗಲಾಚುವರು. ಇವರು ನಗುತ್ತ ಉಳಿಸಿಕೊಡುವರು. ಸ್ವಾಮಿಗಳ ವಿಷಯ ಎತ್ತಿದರೆ ನನಗೆ ನಿಲ್ಲಿಸಲು ಬಾರದು. ಆದ್ದರಿಂದ ಇವತ್ತು ಒಂದೇ ಒಂದು ಪ್ರಸಂಗ. ಐವತ್ತು ವರ್ಷ ಕಳೆದರೂ ನೆನೆದಾಗಲೆಲ್ಲ ಮನಸ್ಸು ಹಿಗ್ಗುತ್ತದೆ.

ಆಗ ನಾನು ಮೈಸೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಅಧ್ಯಾಪಕ. ಪವಿತ್ರ ವಾರದ ರಜೆಗೆ ಊರಿಗೆ ಬಂದಿದ್ದೆ. ನಮ್ಮ ದೇವಾಲಯದಲ್ಲಿ ಪುನರುತ್ಥಾನರಾದ ಯೇಸುಪ್ರಭುಗಳ ಮೂರಡಿ ಎತ್ತರದ ಮರದ ಸ್ವರೂಪವೊಂದಿತ್ತು. ವರ್ಷವಿಡೀ ಅದು ಒಳಕೋಣೆಯ ಬೀರುವಿನಲ್ಲಿರುತ್ತಿತ್ತು. ಪಾಸ್ಕ ಹಬ್ಬದ, ಅಂದರೆ ಈಸ್ಟರಿನ, ಬೆಳಗಿನ ಪೂಜೆಯಲ್ಲಿ, ಗುರುವಾರದಿಂದ ಮೌನವಾಗಿದ್ದ ಗಂಟೆಗಳು ಒಮ್ಮೆಲೇ ಮೊಳಗುವಾಗ ಪರದೆ ಸರಿಸಿ ಜನರಿಗೆ ತೋರಿಸುತ್ತಿದ್ದರು. ಆ ವರ್ಷ ಅದರ ಬಣ್ಣವೆಲ್ಲ ಚಕ್ಕೆ ಎದ್ದಿತ್ತು. ಸ್ವಾಮಿಗಳು ಪಕ್ಕದೂರಿನ ಕಾಳಾಚಾರ್ರಿಗೆ ಹೇಳಿಕಳುಹಿಸಿದರು.

ಕಾಳಾಚಾರ್ರದು ತಲೆಮಾರುಗಳಿಂದ ವಿಗ್ರಹ ಕೆತ್ತುವ ಮನೆತನ. ಕಲ್ಲಾಗಲಿ, ಮರವಾಗಲಿ, ಅವರ ಕೈಗೆ ಸಮನಾದ ಕೈ ಆ ಸೀಮೆಯಲ್ಲಿ ಇರಲಿಲ್ಲ. ಮೂರು ವರ್ಷದ ಹಿಂದೆ ಲಾರಿಗೆ ಕಲ್ಲು ಏರಿಸುವಾಗ ಚಪ್ಪಡಿ ಜಾರಿ ಬಲಗೈಯ ಎರಡು ಬೆರಳು ಹೋದವು. ಅಂದಿನಿಂದ ಅವರು ಉಳಿ ಮುಟ್ಟಿರಲಿಲ್ಲ. ಅಂಗಡಿಗಳ ಬೋರ್ಡು ಬರೆದುಕೊಂಡು, ಜನರೆದುರು ಆ ಕೈಯನ್ನು ಟವೆಲ್ಲಿನಡಿ ಇಟ್ಟುಕೊಂಡು ಓಡಾಡುತ್ತಿದ್ದರು. ಬಂದವರು ಬಾಗಿಲಲ್ಲೇ ನಿಂತು ಹೇಳಿದರು: "ಬಣ್ಣ ಬಳಿಯೋದಾದರೆ ಒಳಗೆ ಬರ್ತೀನಿ ಸ್ವಾಮಿ. ಉಳಿ ಕೆಲಸ ಮಾತ್ರ ನನ್ನ ಕೇಳಬಾರದು."

ಸ್ವಾಮಿಗಳು ಒಪ್ಪಿದರು. ಕಾರಣ ಕೇಳಲಿಲ್ಲ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ನಮ್ಮ ಉಪದೇಶಿ ಇನ್ನಾಸಪ್ಪನವರು, ಊರಿಗೆಲ್ಲ ಜಪ ಕಲಿಸುವವರು, ಬಾಯಿ ಮಾತ್ರ ಸ್ವಲ್ಪ ಹರಿತ, ನನ್ನನ್ನೂ ಎಳೆದುಕೊಂಡು ನೋಡಲು ಹೋದರು. ಬಿಳಿಯ ನಿಲುವಂಗಿ, ಅದರಂಚಿಗೆ ಬಂಗಾರದ ಗೆರೆ, ಜೀವ ತುಂಬಿದ ಕಣ್ಣು. ಎಲ್ಲ ಸರಿ. ಆದರೆ ಎತ್ತಿದ ಅಂಗೈ ನೋಡಿ ಇನ್ನಾಸಪ್ಪನವರ ಮುಖ ಇಳಿಯಿತು.

"ಏನ್ ಆಚಾರ್ರೇ ಇದು? ನಮ್ಮ ಪ್ರಭುಗಳ ಕೈ ಮದುವೆಗಂಡಿನ ಕೈ ಆಗಿಹೋಗಿದೆಯಲ್ಲ. ಗಾಯ ಎಲ್ಲಿ?"

"ತುಂಬಿಸಿದೀನಿ," ಎಂದರು ಆಚಾರ್ರು, ಹೆಮ್ಮೆಯಿಂದಲೇ. "ಐದು ಕಡೆ ಭಿನ್ನವಾಗಿತ್ತು. ಎರಡು ಕೈ, ಎರಡು ಕಾಲು, ಪಕ್ಕೆ. ಗರಗಸದ ಪುಡಿಗೆ ಅಂಟು ಕಲಸಿ, ಉಜ್ಜಿ, ನಯ ಮಾಡಿದೀನಿ. ಭಿನ್ನವಾದ ಮೂರ್ತಿ ಪೂಜೆಗೆ ಬರೋದಿಲ್ಲ ಅಂತ ನಮ್ಮಪ್ಪ ಕಲಿಸಿದ್ದು."

ಇನ್ನಾಸಪ್ಪನವರು ತಲೆಯ ಮೇಲೆ ಕೈಹೊತ್ತು ಅಲ್ಲೇ ಕೂತರು. ಅಷ್ಟರಲ್ಲಿ ಸ್ವಾಮಿಗಳು ಬಂದರು. ಸ್ವರೂಪವನ್ನು ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ಸಿಟ್ಟಿನ ಸುಳಿವಿರಲಿಲ್ಲ.

"ಆಚಾರ್ರೇ, ತುಂಬ ಶ್ರದ್ಧೆಯಿಂದ ಮಾಡಿದ್ದೀರಿ. ಆದರೆ ಅವು ಒಡಕಲ್ಲ. ಮೊಳೆ ಹೊಡೆದ ಜಾಗ, ಭರ್ಜಿ ತಿವಿದ ಜಾಗ."

"ಶಿಲುಬೆಗೆ ಹಾಕಿದ್ದು ನನಗೂ ಗೊತ್ತು ಸ್ವಾಮಿ. ಆದರೆ ಇದು ಎದ್ದುಬಂದ ಮೇಲಿನ ಮೂರ್ತಿ ತಾನೆ? ಸತ್ತವರನ್ನ ಎಬ್ಬಿಸೋ ದೇವರಿಗೆ ಐದು ಗಾಯ ವಾಸಿ ಮಾಡೋಕೆ ಆಗಲಿಲ್ಲವಾ?"

ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ಹುಟ್ಟಾ ಕ್ರೈಸ್ತನಾದ ನಾನು, ಅದೂ ಪಾಠ ಹೇಳಿ ಸಂಬಳ ಪಡೆಯುವವನು, ಸ್ವಾಮಿಗಳ ಮುಖ ನೋಡಿದೆ.

ಸ್ವಾಮಿಗಳು ನೆಲದ ಮೇಲೆ ಕೂತು ಆಚಾರ್ರನ್ನೂ ಪಕ್ಕಕ್ಕೆ ಕೂರಿಸಿಕೊಂಡರು. "ಶಿಷ್ಯರು ಹೆದರಿ ಬಾಗಿಲು ಹಾಕಿಕೊಂಡು ಕೂತಿದ್ದರು. ಪ್ರಭು ನಡುವೆ ಬಂದು ನಿಂತಾಗ ಭೂತವೆಂದೇ ತಿಳಿದರು. ಆಗ ಅವರು ಮೊದಲು ತೋರಿಸಿದ್ದು ಈ ಕೈಗಳನ್ನು. ಆ ಶಿಷ್ಯರಲ್ಲೊಬ್ಬ ತೋಮನಂತೂ ಗಾಯ ಮುಟ್ಟದೆ ನಂಬುವುದಿಲ್ಲ ಅಂದಿದ್ದ. ಅವನಿಗೂ ಇದನ್ನೇ ಚಾಚಿದರು. ದೇವರು ಬೇರೆ ಕೈ ಕೊಡಲಿಲ್ಲ ಆಚಾರ್ರೇ. ಸತ್ತಿದ್ದ ಅದೇ ಕೈಯನ್ನು ಎಬ್ಬಿಸಿದರು."

ಆಚಾರ್ರು, "ಹಾಗಾದರೆ ಕೆಂಪು ಬಣ್ಣದಲ್ಲಿ ಒಂದೊಂದು ಬೊಟ್ಟು ಇಟ್ಟುಬಿಡ್ತೀನಿ" ಎಂದರು.

"ಬೊಟ್ಟು ಸಾಲದು. ನಮ್ಮಲ್ಲಿ ಕಣ್ಣು ಕಾಣದವರೂ ಇದ್ದಾರೆ. ಬೆರಳಿಗೆ ಸಿಗಬೇಕು. ಕೆತ್ತಬೇಕು."

"ಉಳಿ ಕೇಳಬಾರದು ಅಂತ ಮೊದಲೇ ಹೇಳಿದ್ದೆ."

"ಹೇಳಿದ್ದಿರಿ. ನಾನೂ ಒಪ್ಪಿದ್ದೆ. ಬೇಡವಾದರೆ ಬೇಡ, ಇನ್ನಾಸಪ್ಪನವರು ಕೆತ್ತುತ್ತಾರೆ."

"ನಾನಾ?" ಎಂದರು ಇನ್ನಾಸಪ್ಪನವರು. "ನಾನು ಉಳಿ ಹಿಡಿದರೆ ಪ್ರಭುಗಳಿಗೆ ಆರನೇ ಗಾಯ ಆಗುತ್ತೆ ಸ್ವಾಮಿ."

ಯಾರೂ ನಗಲಿಲ್ಲ. ಆಚಾರ್ರು ಟವೆಲ್ಲು ಸರಿಸಿ, ನಾವು ಯಾರೂ ಸರಿಯಾಗಿ ನೋಡಿರದ ಆ ಕೈಯನ್ನು ಮುಂದೆ ಹಿಡಿದರು. "ನೋಡಿ. ಇದೇ ಭಿನ್ನವಾಗಿದೆ. ಕೆಲಸ ಬಿಡು ಅಂತ ನನಗೆ ಯಾರೂ ಅನ್ನಲಿಲ್ಲ ಸ್ವಾಮಿ, ನಾನೇ ಬಿಟ್ಟೆ. ಊನವಾದ ಕೈಯಿಂದ ಪೂರ್ಣವಾದ ಮೂರ್ತಿ ಹೇಗೆ ಹುಟ್ಟುತ್ತೆ? ಚಪ್ಪಡಿ ಬಿದ್ದ ದಿನವೇ ಶಿಲ್ಪಿ ಕಾಳಾಚಾರಿ ಸತ್ತ. ಈಗ ಇರೋನು ಬೋರ್ಡು ಬರೆಯೋನು."

ಸ್ವಾಮಿಗಳು ಪ್ರಭುಗಳ ಮರದ ಕೈಯ ಪಕ್ಕದಲ್ಲಿ ಆಚಾರ್ರ ಕೈಯನ್ನಿಟ್ಟು, ಎರಡನ್ನೂ ತಮ್ಮ ಅಂಗೈಯಿಂದ ಮುಚ್ಚಿದರು.

"ಇದೂ ಅದೇ ಕೈ ತಾನೆ, ಆಚಾರ್ರೇ?"

ಅಷ್ಟೇ ಅವರು ಆಡಿದ ಮಾತು. ಆಮೇಲೆ ಎದ್ದು, ಮೇಣದಬತ್ತಿಯ ಪೆಟ್ಟಿಗೆ ಬಿಚ್ಚಲು ಇಟ್ಟಿದ್ದ ಹಳೆಯ ಉಳಿಯೊಂದನ್ನು ತಂದು ನೆಲದ ಮೇಲಿಟ್ಟರು. ಸ್ವರೂಪವನ್ನು ಮಡಿಲಲ್ಲಿ ಮಲಗಿಸಿಕೊಂಡು ಅಲುಗದಂತೆ ಹಿಡಿದು ಕೂತರು. ಎಷ್ಟು ಹೊತ್ತು ಹಾಗೆ ಕೂತಿದ್ದರೋ. ಕೊನೆಗೆ ಆಚಾರ್ರು ಇನ್ನಾಸಪ್ಪನವರತ್ತ ತಿರುಗಿ, "ಉಳಿ ಅಂತಾರಾ ಇದನ್ನ? ಬೆಣ್ಣೆಯೂ ಕೊಯ್ಯಲ್ಲ. ಮಸೆಯೋ ಕಲ್ಲು ಎಲ್ಲಿದೆ?" ಎಂದು ಗದರಿದರು.

ಕಾಲಿನ ಗಾಯಗಳಿಂದ ಶುರುಮಾಡಿದರು. ಮೊದಲ ಒತ್ತಿಗೇ ಉಳಿ ಜಾರಿತು. ಎರಡನೆಯದಕ್ಕೂ ಜಾರಿತು. ಹಣೆಯ ಬೆವರು ಒರೆಸಿಕೊಂಡು, ಹೆಬ್ಬೆರಳಿಗೂ ಉಂಗುರದ ಬೆರಳಿಗೂ ನಡುವೆ ಉಳಿಯನ್ನು ಒತ್ತಿ ಹಿಡಿಯುವ ಹೊಸ ಹಿಡಿತವೊಂದನ್ನು ಅವರು ಕಂಡುಕೊಂಡದ್ದನ್ನು ನಾನು ಕಣ್ಣಾರೆ ನೋಡಿದೆ. ಪುನರುತ್ಥಾನವೆಂದರೆ ಮರಣದಾಚೆಯ ಮಾತು, ಸಮಾಧಿಯ ಮೇಲೆ ಬರೆಸುವ ವಾಕ್ಯ ಎಂದುಕೊಂಡಿದ್ದವನು ನಾನು. ಅದು ಶನಿವಾರದ ಮಧ್ಯಾಹ್ನ, ಊಟದ ಹೊತ್ತು ಮೀರಿದ ಮೇಲೆ, ಜೀವಂತ ಮನುಷ್ಯನೊಬ್ಬನ ಮೂರು ಬೆರಳುಗಳಲ್ಲಿ ಮೊದಲಾಗಬಹುದೆಂದು ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ. ಬಲಗೈಯ ಗಾಯವನ್ನು ಅವರು ಕಡೆಗೆ ತೆರೆದರು. ಅದೇ ಎಲ್ಲಕ್ಕಿಂತ ಚೆನ್ನಾಗಿ ಬಂತು.

ಭಾನುವಾರ ಸೂರ್ಯ ಏಳುವಾಗ ಪರದೆ ಸರಿಯಿತು, ಗಂಟೆಗಳು ಮೊಳಗಿದವು. ಪೂಜೆಯ ನಂತರ ಜನ ಸಾಲಾಗಿ ಬಂದು ಸ್ವರೂಪವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಬಾಗಿಲ ಬಳಿ ನಿಂತಿದ್ದ ಆಚಾರ್ರು ನೋಡುತ್ತಲೇ ಇದ್ದರು. ಅಷ್ಟು ಕಷ್ಟಪಟ್ಟು ಎಳೆದ ಬಂಗಾರದ ಗೆರೆಯನ್ನು ಒಬ್ಬರೂ ಮುಟ್ಟಲಿಲ್ಲ. ಎಲ್ಲರ ಬೆರಳೂ ಗಾಯವನ್ನೇ ಹುಡುಕಿಕೊಂಡು ಹೋಗುತ್ತಿತ್ತು.

ಜನ ಕರಗಿದ ಮೇಲೆ ಅವರು ಸ್ವಾಮಿಗಳ ಬಳಿಗೆ ಬಂದರು. ಕಣ್ಣು ಕೆಂಪಾಗಿತ್ತು, ಮುಖದಲ್ಲಿ ಮಾತ್ರ ಎಂಥದೋ ನಗು.

"ರಾತ್ರಿಯೆಲ್ಲ ಒಂದೇ ಯೋಚನೆ ಸ್ವಾಮಿ. ನಮ್ಮ ಗಣಪತಿಗೂ ಒಂದು ದಂತ ಮುರಿದದ್ದೇ. ಎಷ್ಟು ಗಣಪತಿ ಮಾಡಿದೀನೋ ಲೆಕ್ಕವಿಲ್ಲ. ಅಷ್ಟಕ್ಕೂ ನನ್ನ ಕೈಯಾರೆ ಮುರಿದ ದಂತ ಕೆತ್ತಿದೀನಿ. ಭಿನ್ನ ಅಂತ ಒಂದು ದಿನವೂ ಅನ್ನಿಸಿರಲಿಲ್ಲ."

ಸ್ವಾಮಿಗಳು ಬಾಗಿ, ಆ ಮೂರು ಬೆರಳಿನ ಕೈಯನ್ನು ಎತ್ತಿ ತಮ್ಮ ಕಣ್ಣಿಗೆ ಒತ್ತಿಕೊಂಡರು. ಅಷ್ಟು ಜನ ಪ್ರಭುಗಳ ಕೈಗೆ ಮಾಡಿದಂತೆಯೇ. ಆಮೇಲೆ, "ಹಬ್ಬದ ಊಟ ಮಾಡಿಕೊಂಡು ಹೋಗಿ ಆಚಾರ್ರೇ" ಎಂದರು.

"ಇವತ್ತು ಬೇಡ ಸ್ವಾಮಿ. ಹಿತ್ತಿಲಲ್ಲಿ ಒಬ್ಬ ಗಣಪತಿ ಮೂರು ವರ್ಷದಿಂದ ಅರ್ಧಕ್ಕೇ ನಿಂತಿದಾನೆ. ಅವನಿಗೆ ಇನ್ನೂ ಹೊಟ್ಟೆಯೇ ಬಂದಿಲ್ಲ, ನಾನು ಮೊದಲು ಉಂಡರೆ ಹೇಗೆ?"