ಆಮೆಬಂಡಿಯ ಮೂಲ ಅಚ್ಚು

"ಕೇಳಿರಿ, ನೀರ್ಗೋಟೆಯ ಪ್ರಜೆಗಳೇ! ದೊರೆಮಗಳು ಅಮ್ಮಣ್ಣಿ ನೀಲಾಜಿಯವರು ಸಭೆಯಲ್ಲಿ ಮೂರು ಒಗಟುಗಳನ್ನು ಒಡ್ಡುವರು. ಮೂರನ್ನೂ ಬಿಡಿಸಿದವನಿಗೆ ಬೇಡಿದ್ದನ್ನು ಕೊಡಲಾಗುವುದು. ಅಮ್ಮಣ್ಣಿಯವರು ಒಪ್ಪಿದರೆ ಅವರ ಕೈಯನ್ನೂ ಹಿಡಿಯಬಹುದು. ಒಂದು ತಪ್ಪಿದರೂ ಆಮೆಬಂಡಿಗೆ ಕಟ್ಟಿ ಕೆರೆಗೆ ನೂಕಲಾಗುವುದು. ದೊರೆ ರಣಧವಳರ ಆಣೆ!"

ಡಂಗುರ ಕೋಟೆಯ ಹೊರಗಿನ ಪಂಪು ರಿಪೇರಿಯ ಅಂಗಡಿಗೂ ಕೇಳಿಸಿತು. ಅಂಗಡಿಯ ಮಾಳಿಂಗ ಸ್ಪ್ಯಾನರನ್ನು ಕೆಳಗಿಟ್ಟ. ಆಮೆಬಂಡಿಯೆಂದರೆ ದೊರೆಯ ಮುತ್ತಜ್ಜ ಮಾಡಿಸಿದ ಆರು ಚಕ್ರದ ಮೋಟಾರು. ನೆಲದಲ್ಲಿ ಓಡಿದ ಚಕ್ರಗಳಿಂದಲೇ ನೀರಿನಲ್ಲೂ ಈಜುತ್ತಿತ್ತು. ಈ ದಸರೆಯಲ್ಲಿ ಅದು ದೊರೆಯ ಸಮೇತ ಕೆರೆಯ ನಡುವೆ ಮುಳುಗಿತು. ಬೆಸ್ತರು ದೊರೆಯನ್ನು ಮೀಸೆ ಹಿಡಿದು ದಡಕ್ಕೆಳೆದರು. ನೆನೆದ ಮೀಸೆಗೆ ಯಾರನ್ನಾದರೂ ದಂಡಿಸಬೇಕಿತ್ತು; ಬಂಡಿಯ ಮೇಸ್ತ್ರಿ ಸಿದ್ಧೋಜ ರಾಜದ್ರೋಹಿಯಾದ. ಹುಣ್ಣಿಮೆಗೆ ಗಲ್ಲು. ಆ ಸಿದ್ಧೋಜ ಮಾಳಿಂಗನ ಸೋದರಮಾವ. ಕೈಗೆ ಕೆಲಸ ಕಲಿಸಿದವನು. ಹುಣ್ಣಿಮೆಗೆ ಮೂರೇ ದಿನ ಉಳಿದಿತ್ತು. ಬೇಡಿದ್ದನ್ನು ಕೊಡುವರಂತೆ ಎಂಬ ಒಂದೇ ಮಾತನ್ನು ಹಿಡಿದು ಅವನು ಸೀಮೆಎಣ್ಣೆಯಲ್ಲಿ ಕೈ ತೊಳೆದು ಅರಮನೆಗೆ ನಡೆದ.

"ಇದೇನಿದು, ಎಣ್ಣೆಯ ಡಬ್ಬ ತಾನಾಗಿಯೇ ಸಭೆಗೆ ನಡೆದು ಬಂದಿದೆ?" ಎಂದ ದಂಡನಾಯಕನ ಮಗ ವೀರಭೂಷಣ. ಸಭೆ ನಕ್ಕಿತು. ಮಾಳಿಂಗ ಅವನ ಹತ್ತು ಬೆರಳಿನ ಹತ್ತು ಉಂಗುರಗಳನ್ನು ನೋಡಿದ. ಈ ಕೈಯನ್ನು ನಂಬಿ ಒಂದು ಬಕೆಟ್ಟನ್ನೂ ಕೊಡಲಾಗದು ಎನಿಸಿತು.

ನೀಲಾಜಿ ಮೂರು ಓಲೆಗಳಿದ್ದ, ಅರಗಿನ ಮುದ್ರೆಯ ಕರಡಿಗೆಯನ್ನು ಎದುರಿಗಿಟ್ಟುಕೊಂಡಳು. "ಉತ್ತರಗಳು ಇದರಲ್ಲಿವೆ. ಮೊದಲನೆಯದು ಕೇಳಿ. ಉಂಗುರದಂಥ ಮನೆ, ಒಳಗೆ ಒಂದೇ ಗಾತ್ರದ ಮಕ್ಕಳು. ಅವರು ಉರುಳಾಡುತ್ತಿದ್ದರೆ ಮನೆ ಮೌನ. ಒಬ್ಬ ನಿಂತರೂ ಮನೆಯೇ ಕಿರುಚುತ್ತದೆ. ನೀರು ಕುಡಿದರೆ ಎಲ್ಲರೂ ಸಾಯುತ್ತಾರೆ."

"ನೂರ್ವರು ಕೌರವರ ಅರಮನೆ!" ವೀರಭೂಷಣ ಎದೆಯುಬ್ಬಿಸಿದ.

"ಹತ್ತು ಉಂಗುರ ತೊಟ್ಟೂ ಉಂಗುರದಂಥದ್ದು ಹೊಳೆಯಲಿಲ್ಲವೇ?" ಎಂದಳು ನೀಲಾಜಿ. ಭಟರು ಅವನನ್ನು ಎಳೆದೊಯ್ದರು.

ಆಸ್ಥಾನ ವಿದ್ವಾಂಸ ಶೇಷಗರ್ಭರು ಗಂಟಲು ಸರಿಪಡಿಸಿಕೊಂಡರು. "ಮನೆಯೆಂದರೆ ಕಾಲಚಕ್ರ, ಮಕ್ಕಳು ನವಗ್ರಹಗಳು. ಇದಕ್ಕೆ ಏಳು ಪ್ರಮಾಣಗಳಿವೆ..."

"ಗ್ರಹಗಳಿಗೆ ಬಾಯಾರಿಕೆ ಉಂಟೇ, ಆಚಾರ್ಯರೇ?"

ಏಳೂ ಪ್ರಮಾಣಗಳು ಅವರೊಡನೆಯೇ ಸೆರೆಮನೆಗೆ ಹೋದವು.

"ಬೇರಿಂಗ್, ಅಮ್ಮಣ್ಣಿಯವರೇ," ಎಂದ ಮಾಳಿಂಗ. "ಒಳಗಿನ ಗುಂಡುಗಳೇ ಮಕ್ಕಳು. ನೀರು ಹೊಕ್ಕರೆ ತುಕ್ಕು; ತುಕ್ಕು ಹಿಡಿದ ಗುಂಡು ಉರುಳುವುದಿಲ್ಲ, ಕಿರುಚುತ್ತದೆ."

ಇಷ್ಟು ಕೀಳು ವಸ್ತು ರಾಜಸಭೆಯ ಒಗಟಿಗೆ ಉತ್ತರವೇ ಎಂದು ಮಂತ್ರಿಗಳು ಮೂಗು ಮುರಿದರು. ನೀಲಾಜಿ ಮೊದಲ ಓಲೆ ಬಿಚ್ಚಿ ತೋರಿಸಿದಳು. ಅದೇ ಇತ್ತು.

"ಎರಡನೆಯದು. ಬಾಗಿಲಲ್ಲಿ ಮೂಳೆಯಿಲ್ಲದ ಕಾವಲುಗಾರ. ತಿರುಗುವವನನ್ನು ತುಟಿಯಿಂದ ಹಿಡಿದಿದ್ದರೂ ತಡೆಯುವುದಿಲ್ಲ. ತಡೆಯುವುದು ಕಾಲಿಲ್ಲದ ಕಳ್ಳನನ್ನು."

"ಸೋರದಂತೆ ಸುತ್ತ ತೊಡಿಸುವ ರಬ್ಬರಿನ ಬಳೆ, ಸೀಲು. ತಿರುಗುವವನು ಚಕ್ರದ ಅಚ್ಚು. ಕಳ್ಳ ನೀರು."

ಎರಡನೆಯ ಓಲೆಯೂ ಒಪ್ಪಿತು. ಸಭೆಯ ನಗೆ ತೆಳುವಾಯಿತು.

"ಮೂರನೆಯದು. ಪ್ರತಿವರ್ಷ ವಾದ್ಯಗಳೊಡನೆ ಹೊಸ ಕಾವಲುಗಾರ ಬರುತ್ತಾನೆ. ಪ್ರತಿವರ್ಷವೂ ಕಳ್ಳ ಒಳನುಗ್ಗುತ್ತಾನೆ. ಕಾವಲುಗಾರ ದ್ರೋಹಿಯಲ್ಲ, ಅವನನ್ನು ನಿಲ್ಲಿಸಿದವನೂ ದ್ರೋಹಿಯಲ್ಲ. ದ್ರೋಹಿ ಯಾರು?"

ಮಾಳಿಂಗನಿಗೆ ಉತ್ತರ ತಿಳಿದಿತ್ತು; ತಿಳಿದದ್ದೇ ಭಯ. ದಸರೆಯ ಮುನ್ನಾದಿನ ಅರಮನೆಯಲ್ಲೊಂದು ಪದ್ಧತಿ. ವಾದ್ಯಗಳೊಡನೆ ಬೆಳ್ಳಿಯ ತಟ್ಟೆಯಲ್ಲಿ ಹೊಸ ಸೀಲು, ಹೊಸ ಬೇರಿಂಗ್ ತರುವರು. ಬಂಡಿಯ ಮೂರು ಅಚ್ಚುಗಳನ್ನು ಬಿಚ್ಚಿ ರೇಷ್ಮೆಯ ಮೇಲಿಟ್ಟು ಆರತಿ ಎತ್ತಿ, ಅವನ್ನೇ ಮತ್ತೆ ಕೂಡಿಸುವರು. ಅವುಗಳ ಮೇಲೆ ಮುತ್ತಜ್ಜನ ಲಾಂಛನವಿತ್ತು. ಬದಲಿಸುವ ಮಾತೆತ್ತಿದರೆ ವಂಶಕ್ಕೇ ಅವಮಾನ. ಮುಳುಗಿದ ಬಂಡಿಯನ್ನು ಎತ್ತಿ ಬಿಚ್ಚಿದ ಮೇಲೆ ಈಗಲೂ ಆ ಅಚ್ಚುಗಳು ಸಿಂಹಾಸನದ ಪಕ್ಕದಲ್ಲಿ ಹೂವು ಮುಡಿದು ಮಲಗಿದ್ದವು.

"ಹೇಳಯ್ಯಾ, ಕೆರೆ ಕಾಯುತ್ತಿದೆ," ಎಂದ ಮಂತ್ರಿ.

ಹೂವು ಮುಡಿದ ಕಬ್ಬಿಣಕ್ಕಾಗಿ ಮಾವ ಸಾಯಬೇಕೇ? ಆ ಯೋಚನೆಗೆ ಹುಟ್ಟಿದ ಹೇಸಿಕೆ ಅವನ ಭಯವನ್ನು ನುಂಗಿತು.

"ದ್ರೋಹಿ ನಿಮ್ಮ ಮುತ್ತಜ್ಜನ ಅಚ್ಚು, ಮಹಾಪ್ರಭು."

ಸಭೆ ಕೂಗಿತು. ದೊರೆಯ ಕೈ ಕತ್ತಿಗೆ ಹೋಯಿತು.

"ಕತ್ತಿ ಆಮೇಲೆ ಹಿರಿಯಿರಿ. ಎಂಬತ್ತು ವರ್ಷ ಸೀಲಿನ ತುಟಿ ಕೆರೆಯ ಮರಳನ್ನು ಕಚ್ಚಿಕೊಂಡು ಒಂದೇ ಜಾಗವನ್ನು ಉಜ್ಜಿದೆ. ಮೆತ್ತನೆಯ ರಬ್ಬರು ಉಕ್ಕನ್ನು ಸವೆಸಿ ಗೆರೆ ಕೊರೆದಿದೆ. ಎಂಥ ಹೊಸ ಸೀಲು ಹಾಕಿದರೂ ಆ ಗೆರೆಯಲ್ಲೇ ನೀರು ನುಗ್ಗುತ್ತದೆ; ವರ್ಷ ವರ್ಷ ಹೆಚ್ಚುತ್ತ ಬಂದು ಈ ಸಲ ಬಂಡಿಯನ್ನೇ ಮುಳುಗಿಸಿತು. ಆರತಿಯ ಬೆಳಕಿಗೆ ಅದು ಕಾಣದು. ಹೂವು ಸರಿಸಿ ಉಗುರು ಎಳೆದು ನೋಡಿ."

ದೊರೆ ಹೂವು ಸರಿಸಿದ. ಉಗುರನ್ನು ಅಚ್ಚಿನುದ್ದಕ್ಕೆ ಎಳೆದ. ಅದು ನುಣ್ಣಗೆ ಜಾರುತ್ತ ಹೋಗಿ, ಒಂದೆಡೆ ಟಕ್ಕೆಂದು ಸಿಕ್ಕಿಕೊಂಡಿತು. ಮತ್ತೆ ಎಳೆದ. ಮತ್ತೆ ಅಲ್ಲೇ.

ನೀಲಾಜಿ ಮೂರನೆಯ ಓಲೆ ಬಿಚ್ಚಿದಳು. ಅದರಲ್ಲಿ 'ಮೂಲ ಅಚ್ಚು' ಎಂದಿತ್ತು. "ಅಪ್ಪಾಜಿ, ಸೆರೆಮನೆಯಲ್ಲಿ ಸಿದ್ಧೋಜ ನನಗೆ ಹೇಳಿದ್ದು ಇದನ್ನೇ. ನಾನು ನಿಮಗೆ ಹೇಳಿದಾಗ, ಹೆಣ್ಣಿಗೇಕೆ ಕಬ್ಬಿಣದ ಮಾತು ಎಂದಿರಿ. ಈಗ ಒಗಟಿಗೆ ನಿಮ್ಮದೇ ಆಣೆಯಿದೆ."

ದೊರೆ ಅಚ್ಚಿನ ಮೇಲುಳಿದ ಹೂವನ್ನೂ ತೆಗೆದು ಹಾಕಿದ. "ಬೇಡು," ಎಂದ.

"ನನ್ನ ಮಾವನನ್ನು ಬಿಡಿ. ಮೂರು ಹೊಸ ಅಚ್ಚು ಕಡೆಯಲು ಉಕ್ಕು ಕೊಡಿ. ಸೆರೆಯಲ್ಲಿರುವ ಆ ಇಬ್ಬರನ್ನು ಕೆರೆಗೆ ನೂಕಬೇಡಿ, ನನಗೆ ಕೊಡಿ. ತುಕ್ಕು ಉಜ್ಜಲು ಕೈ ಬೇಕು."

"ಅಷ್ಟೇಯೋ? ಅರ್ಧ ರಾಜ್ಯ ಕೇಳುವ ಎದೆಯಿಲ್ಲವೇ?"

ಮಾಳಿಂಗ ಮಂತ್ರಿಗಳತ್ತ ತಿರುಗಿ ನೋಡಿದ. "ಅರ್ಧ ರಾಜ್ಯ ತೆಗೆದುಕೊಂಡರೆ ಇವರಲ್ಲೂ ಅರ್ಧ ಜನ ಬರುತ್ತಾರಲ್ಲ, ಮಹಾಪ್ರಭು."

ಮೊದಲು ನಕ್ಕವಳು ನೀಲಾಜಿ.

ಹುಣ್ಣಿಮೆಯ ಬೆಳಿಗ್ಗೆ ಗಲ್ಲಿಗೇರಬೇಕಿದ್ದ ಸಿದ್ಧೋಜ ಹೊಸ ಅಚ್ಚಿಗೆ ಹೊಸ ಬೇರಿಂಗ್ ಕೂಡಿಸಿ, ಸೀಲಿನ ತುಟಿಗೆ ಗ್ರೀಸ್ ಸವರಿ ಕೂರಿಸಿದ. ಗ್ರೀಸಿನ ಡಬ್ಬ ಹಿಡಿಯಲು ವೀರಭೂಷಣ ಹತ್ತೂ ಉಂಗುರ ಕಳಚಬೇಕಾಯಿತು. ಶೇಷಗರ್ಭರು ಪ್ರಮಾಣವಿಲ್ಲದೆಯೇ ತುಕ್ಕು ಉಜ್ಜಿದರು. ನೀಲಾಜಿ ಬಂಡಿಯನ್ನು ತಾನೇ ನಡೆಸಿದಳು. ಕೆರೆಯ ನಡುವೆ ದೊರೆ ಬಗ್ಗಿ ಬಂಡಿಯ ಒಳತಳ ಮುಟ್ಟಿ ನೋಡಿದ. ಕೈಗೆ ಧೂಳು ಹತ್ತಿತು, ನೀರಲ್ಲ. ಆಚೆ ದಡ ಸೇರಿದ ಮೇಲೆ ಅವಳು ಮಾಳಿಂಗನ ಕೈ ಹಿಡಿಯಲು ಒಪ್ಪಿದಳು.

ಇಂದಿಗೂ ನೀರ್ಗೋಟೆಯವರು ಯಾವುದಕ್ಕೇ ಆಗಲಿ, ಆರತಿ ಎತ್ತುವ ಮೊದಲು ಒಮ್ಮೆ ಉಗುರು ಎಳೆದು ನೋಡುತ್ತಾರಂತೆ.