ಭರಮವ್ವನ ಕಿವಿ

ಗವಿಮಡ್ಡಿಯ ಕಾಯ್ದಿಟ್ಟ ಕಾಡಿಗೆ ಇಂದು ಬರುವವರು ಮೊದಲು ಕಾಣುವುದು ತಗಡಿನ ಒಂದು ಹಲಗೆ. ಅದರ ಮೇಲೆ ಐದು ಜಲಪಾತಗಳ ಚಿತ್ರವಿದೆ. ಬಿಸಿಲಿಗೆ ನಿಲ್ಲಿಸಿದ ಶಾಲೆಯ ಮಕ್ಕಳ ಹಾಗೆ ಅವುಗಳಿಗೆ ಒಂದು, ಎರಡು, ಮೂರು ಎಂದು ಅಂಕೆ ಹಾಕಿದ್ದಾರೆ. ಸುತ್ತಲೂ ಜೋಳದ ಎರೆಹೊಲ, ನಡುವೆ ಈ ಒಂದೇ ಗುಡ್ಡ. ಶ್ರಾವಣ ಬಂತೆಂದರೆ ಇದರ ನೆತ್ತಿಯಿಂದ ಇಳಿಯುವ ನೀರು ಐದು ಕಡೆ ಧುಮುಕುತ್ತದೆ. ಬುಡದಿಂದ ಐದನೆಯದರವರೆಗೆ ಏರಲು ಎರಡು ತಾಸು ಬೇಕು. ಪಟ ತೆಗೆಯುತ್ತಾ ಹೋಗುವವರಿಗೆ ಇಡೀ ದಿನವೂ ಸಾಲದು. ಮೂವತ್ತೊಂದು ವರ್ಷ ನಾನು ಈ ಕಾಡಿನ ಕಾವಲುಗಾರನಾಗಿದ್ದೆ. ಈಗಲೂ ಕರೆದವರ ಜೊತೆ ಹತ್ತುತ್ತೇನೆ. ನಮ್ಮ ಕಡೆ ಧಬಧಬೆಗಳನ್ನು ಯಾರೂ ಅಂಕೆಯಿಂದ ಕರೆಯುವುದಿಲ್ಲ. ಕೆಳಗಿನಿಂದ ಮೇಲಕ್ಕೆ ಅವುಗಳ ಹೆಸರು ರೊಟ್ಟಿ, ಮೊರ, ಒನಕೆ, ಕಡಗೋಲು, ಜೋಗುಳ. ಕಡಗೋಲಿನ ನೆತ್ತಿಯಲ್ಲಿ ಒಂದು ಹಳೆಯ ಕಲ್ಲುಕಟ್ಟೆ ಇದೆ. ಅದರ ನಡುವೆ ಒಂದು ಕಲ್ಲಿನಷ್ಟು ಜಾಗ ಖಾಲಿ ಬಿದ್ದಿದೆ, ನೀರು ಅಲ್ಲಿಂದಲೇ ಹೊರಗೆ ಬೀಳುತ್ತದೆ. ಆ ಸಂದಿಗೆ ಭರಮವ್ವನ ಕಿವಿ ಎನ್ನುತ್ತಾರೆ. ಹಲಗೆಯಲ್ಲಿ ಆ ಹೆಸರಿಲ್ಲ. ಎಲ್ಲಾದರೂ ಒಂದು ಕಡೆ ಇರಲಿ ಎಂದು ಇದನ್ನು ಬರೆಸುತ್ತಿದ್ದೇನೆ. ನನ್ನ ಅಕ್ಷರ ಕೋಳಿ ಕೆದರಿದಂತಿರುತ್ತದೆ ಎಂಬ ನೆಪಕ್ಕೆ ಸೊಸೆ ನೀಲಮ್ಮ ಎದುರಿಗೆ ಕೂತು ಬರೆದುಕೊಳ್ಳುತ್ತಿದ್ದಾಳೆ.

ಹಿಂದೆ ಒಮ್ಮೆ, ಈ ಗುಡ್ಡಕ್ಕೆ ಬೇಲಿಯೂ ಇಲ್ಲದ, ಹಲಗೆಯೂ ಇಲ್ಲದ ಕಾಲದಲ್ಲಿ, ಬುಡದ ಕಲ್ಲಮಡ್ಡಿ ಊರಲ್ಲಿ ಭರಮವ್ವ ಎಂಬ ಸೂಲಗಿತ್ತಿ ಇದ್ದಳು. ಅವಳ ಕೈಯಲ್ಲಿ ಕಣ್ಣು ಬಿಟ್ಟವರು ಎಷ್ಟು ಮಂದಿಯೆಂದು ಅವಳಿಗೇ ಗೊತ್ತಿರಲಿಲ್ಲ. ಗುಡ್ಡದ ತುದಿಯ ಹಟ್ಟಿಗೂ ಅವಳೇ ಹೋಗಬೇಕು. ಆಗ ಒಂದು ಕಟ್ಟಳೆ ಇತ್ತು. ಸೂಲಗಿತ್ತಿಯನ್ನು ಕರೆಯಲು ಬಂದ ಗಂಡಸು ಹೊಸ್ತಿಲಲ್ಲಿ ನಿಂತು ಒಂದೇ ಮಾತು ಹೇಳಿ ಮುಂದೆ ಮುಂದೆ ನಡೆದುಬಿಡಬೇಕು, ಮನೆ ಮುಟ್ಟುವವರೆಗೂ ಹಿಂತಿರುಗಿ ನೋಡಬಾರದು. ನೋಡಿದರೆ ಒಳಗಿನ ಕೂಸೂ ತಿರುಗಿ ಕೂರುತ್ತದೆ ಎಂದು ಹೆದರುತ್ತಿದ್ದರು. ಹೀಗಾಗಿ ಭರಮವ್ವ ಒಬ್ಬಳೇ ಕೋಲೂರಿಕೊಂಡು ಗುಡ್ಡ ಹತ್ತುತ್ತಿದ್ದಳು. ಅವಳ ಕಣ್ಣು ಮಂಜಾಗಿ, ಆಮೇಲೆ ಪೂರ್ತಿ ಆರಿಹೋದದ್ದು ಯಾರಿಗೂ ತಿಳಿಯಲಿಲ್ಲ. ಅವಳೂ ಹೇಳಲಿಲ್ಲ. ಕುರುಡಿಯನ್ನು ಬಾಣಂತಿಯ ಹತ್ತಿರ ಯಾರು ಬಿಡುತ್ತಾರೆ? ಬೆರಳಿಗೆ ಕಾಣುವಷ್ಟು ಕಣ್ಣಿಗೆ ಎಂದೂ ಕಂಡಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು, ಊರಿಗೆ ಗೊತ್ತಿರಲಿಲ್ಲ.

ದಾರಿಯನ್ನು ಅವಳು ಕಿವಿಯಲ್ಲಿ ಇಟ್ಟುಕೊಂಡಿದ್ದಳು. ಚಪ್ಪಟೆ ಬಂಡೆಯ ಮೇಲೆ ಬೀಳುವ ಮೊದಲ ನೀರು ರೊಟ್ಟಿ ಬಡಿದಂತೆ ಕೇಳಿದರೆ ಅಲ್ಲಿಂದ ಏರು ಶುರು. ಸಂದಿಯಲ್ಲಿ ಸರಸರ ಜಾರುವ ಎರಡನೆಯದು ಮೊರ. ಅಲ್ಲಿ ಕಾಲಡಿ ಉಸುಕು. ಆಳದ ಮಡುವಿಗೆ ಬೀಳುವ ಮೂರನೆಯದು ಒನಕೆ. ಅದರ ಪಕ್ಕದಲ್ಲಿ ಕೂಗಿದರೂ ನಮ್ಮ ಮಾತು ನಮಗೇ ಕೇಳುವುದಿಲ್ಲ. ಒನಕೆಯ ಮೇಲೆ ಎರಡು ಹಳ್ಳಗಳು ಕೂಡುತ್ತವೆ. ಎಡದ ದೊಡ್ಡ ಹಳ್ಳ ಆಳದ ಕೊರಕಲಿನಿಂದ ಬರುತ್ತದೆ. ಬಲದ ಸಣ್ಣದು ಪೊಳ್ಳು ಬಂಡೆಯ ಮೇಲೆ ಬಿದ್ದು ಮೊಸರು ಕಡೆದಂತೆ ಗುಮ್ಮೆನ್ನುತ್ತದೆ. ಆ ಕಡಗೋಲಿನ ದನಿ ಬಲಗಿವಿಗೆ ತುಂಬಿದ ಕೂಡಲೇ ಬಲಕ್ಕೆ ಹೊರಳಬೇಕು. ಹೊರಳದೆ ನೆಟ್ಟಗೆ ನಡೆದರೆ ಮೂವತ್ತು ಹೆಜ್ಜೆಗೆ ನೆಲ ಮುಗಿದು ಕೊರಕಲು ಬರುತ್ತದೆ. ಬೆಳಗಿನ ಮಂಜಿನಲ್ಲಿ ಕಣ್ಣಿದ್ದವರೂ ಅಲ್ಲಿ ತಡವರಿಸುತ್ತಿದ್ದರು. ಅವಳು ಮಾತ್ರ ನಿದ್ದೆಯಲ್ಲಿ ತನ್ನ ಮನೆಯ ಪಡಸಾಲೆ ದಾಟುವಷ್ಟು ಹಗುರಾಗಿ ಹೊರಳಿ ಹೋಗುತ್ತಿದ್ದಳು ಎನ್ನುತ್ತಾರೆ.

ಆ ವರ್ಷ ಕಲ್ಲು ಒಡೆಯುವ ಹನ್ನೊಂದು ಮನೆಯವರು ಗಾಡಿ ಕಟ್ಟಿಕೊಂಡು ಬಂದು ತುದಿಹಟ್ಟಿಯ ಖಾಲಿ ನೆಲದಲ್ಲಿ ಬಿಡಾರ ಹೂಡಿದರು. ತಲೆಮಾರುಗಳಿಂದ ಊರೂರು ಅಲೆದ ಜನ. ಕಲ್ಲಮಡ್ಡಿಯ ಕಲ್ಲನಗೌಡ ಅವರಿಗೆ ಒಂದು ಮಾತು ಕೊಟ್ಟ. ಬಲದ ಹಳ್ಳಕ್ಕೆ ಕಟ್ಟೆ ಕಟ್ಟಿ ನೀರನ್ನು ಕಾಲುವೆಯಲ್ಲಿ ಊರಿಗೆ ತಿರುಗಿಸಬೇಕು. ಒಂದು ಮಳೆಗಾಲ ಕಟ್ಟೆ ನಿಂತರೆ ತುದಿಹಟ್ಟಿಯ ನೆಲ ಅವರದು. ಒಡೆದರೆ ಗಾಡಿ ಹೂಡಿಕೊಂಡು ಬಂದ ದಾರಿ ಹಿಡಿಯಬೇಕು. ಅವರ ಹಿರಿಯ ಮೇಸ್ತ್ರಿ ಹುಲಗಪ್ಪ ಒಪ್ಪಿಕೊಂಡ. ಅವನ ಹೆಂಡತಿ ಸುಂಕವ್ವ ಆಗ ಚೊಚ್ಚಲು ಬಸುರಿ. ಗಾಡಿಯ ಕೆಳಗಲ್ಲ, ನೆಲೆ ನಿಂತ ಮನೆಯಲ್ಲಿ ಹುಟ್ಟುವ ಮೊದಲ ಕೂಸು ತನ್ನದಾಗಬೇಕೆಂದು ಅವನಿಗೆ ಆಸೆ. ಊರಿಗೆ ಊರೇ ಕಲ್ಲು ಹೊತ್ತಿತು, ಭರಮವ್ವನೂ ಹೊತ್ತಳು. ಕಟ್ಟೆ ಎದ್ದು ನೀರು ನಿಂತಿತು, ಕಡಗೋಲು ಸುಮ್ಮನಾಯಿತು. ಸದ್ದು ಹೋಗುತ್ತದೆಂದು ಅವಳಿಗೆ ಮೊದಲೇ ಹೊಳೆಯಲಿಲ್ಲವೋ, ಹೊಳೆದರೂ ಬಾಯಿ ಬಿಡಲಾಗಲಿಲ್ಲವೋ, ಹೇಳುವವರು ಯಾರೂ ಉಳಿದಿಲ್ಲ. ಬಿಟ್ಟಿದ್ದರೆ ಯಾಕೆ ಎಂದು ಕೇಳುತ್ತಿದ್ದರು. ಬಾಯಿ ಬಿಟ್ಟರೆ ಬಣ್ಣಗೇಡು.

ಶ್ರಾವಣದ ಒಂದು ಮುಂಜಾನೆ ಸುಂಕವ್ವನಿಗೆ ನೋವು ಶುರುವಾಯಿತು. ಹುಲಗಪ್ಪ ಗುಡ್ಡ ಇಳಿದು ಓಡಿಬಂದು ಹೊಸ್ತಿಲಲ್ಲಿ ನಿಂತು "ಯವ್ವಾ, ನಡಿ" ಎಂದ, ಹಾಗೇ ಹಿಂದಿರುಗಿದ. ಗುಡ್ಡದ ತುಂಬ ಮಂಜು ಹಾಲಿನಂತೆ ಹರಡಿತ್ತು. ಮರಗಳೆಲ್ಲ ಅರ್ಧಕ್ಕೇ ನಿಂತಂತೆ, ಮೇಲಿನ ಅರ್ಧ ಬೇರೆ ಲೋಕಕ್ಕೆ ಸೇರಿದಂತೆ ಕಾಣುತ್ತಿದ್ದವು. ತನ್ನ ಹಿಂದೆ ಕೋಲಿನ ಟಕಟಕ ಕೇಳುತ್ತಾ ಅವನು ಏರಿದ. ಒನಕೆ ಬಂದಾಗ ಆ ಸದ್ದು ಮುಳುಗಿತು. ಬಲಕ್ಕೆ ಹೊರಳಿ ಏರಿ ಕಟ್ಟೆಯ ಮೇಲೆ ಬಂದು ನಿಂತ. ಇಷ್ಟು ಹೊತ್ತಿಗೆ ಕೋಲು ಮತ್ತೆ ಕೇಳಬೇಕಿತ್ತು, ಕೇಳಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತನೋ. ಹಿಂದೆ ನೋಡಿದರೆ ಕೂಸಿಗೆ ಕೇಡು, ನೋಡದಿದ್ದರೆ ಏನೆಂದು ತಿಳಿಯದು. ಕಡೆಗೆ ಅವನು ತಿರುಗಿ ನೋಡಿಬಿಟ್ಟ.

ಗಾಳಿಗೆ ಮಂಜು ಒಂದಿಷ್ಟು ಸರಿದಿತ್ತು. ಕೆಳಗೆ ದಾರಿ ಕವಲೊಡೆಯುವಲ್ಲಿ ಭರಮವ್ವ ನಿಂತಿದ್ದಳು. ತಲೆ ಓರೆ ಮಾಡಿ ಏನನ್ನೋ ಕಾಯುತ್ತಿದ್ದಳು. ಆಮೇಲೆ ನೆಟ್ಟಗೆ, ಕೊರಕಲಿನ ಕಡೆಗೆ, ಮೆಲ್ಲಗೆ ನಡೆಯತೊಡಗಿದಳು. ಕೂಗಿದ, ಒನಕೆ ಅವನ ಕೂಗನ್ನು ನುಂಗಿತು. ಕೈ ಬೀಸಿದ. ಅವಳ ಮುಖ ಅವನ ಕಡೆಗೇ ಇತ್ತು, ಆದರೂ ಅವಳು ನಡೆಯುತ್ತಲೇ ಇದ್ದಳು. ಆಗ ಅವನಿಗೆ ಹೊಳೆಯಿತು. ಅವಳಿಗೆ ಕಾಣುವುದಿಲ್ಲ! ಓಡಿ ಇಳಿದರೂ ಮುಟ್ಟುವಷ್ಟು ಹೊತ್ತಿರಲಿಲ್ಲ. ಅವಳು ತಲೆ ಓರೆ ಮಾಡಿ ಕಾದದ್ದು ಏನನ್ನು ಎಂಬುದೂ ಅದೇ ಗಳಿಗೆಯಲ್ಲಿ ತಿಳಿಯಿತು, ಏಕೆಂದರೆ ಅದನ್ನು ನಿಲ್ಲಿಸಿದವನು ಅವನೇ. ಗಾರೆ ಕೆಲಸ ಇನ್ನೂ ಬಾಕಿಯಿದ್ದು ಹಾರೆ ಅಲ್ಲೇ ಬಿದ್ದಿತ್ತು. ಯಾವ ಕಲ್ಲು ಕಿತ್ತರೆ ಕಟ್ಟೆ ಬಾಯಿ ಬಿಡುತ್ತದೆ ಎಂಬುದು ಕಟ್ಟಿದವನಿಗೇ ಗೊತ್ತು. ಹನ್ನೊಂದು ಮನೆಯ ನೆಲ ಆ ಕಲ್ಲಿನ ಮೇಲೆ ನಿಂತಿದೆ ಎಂಬುದೂ ಗೊತ್ತಿತ್ತು. ಹುಲಗಪ್ಪ ಅದರ ಸಂದಿಗೇ ಹಾರೆ ಹಾಕಿ ಮೈಯೆಲ್ಲಾ ಭಾರ ಬಿಟ್ಟು ಮೀಟಿದ.

ನೀರು ಪೊಳ್ಳು ಬಂಡೆಯ ಮೇಲೆ ಬಿತ್ತು, ಕಡಗೋಲು ಗುಮ್ಮೆಂದಿತು. ಭರಮವ್ವ ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ತೆಗೆದಳು. ಕೋಲನ್ನು ಮುಂದೆ ಚಾಚಿದಳು, ಅದಕ್ಕೆ ನೆಲ ಸಿಗಲಿಲ್ಲ. ಅಲ್ಲೇ ಕುಕ್ಕರುಗಾಲಲ್ಲಿ ಕೂತು ಸ್ವಲ್ಪ ಹೊತ್ತು ಆ ದನಿ ಕೇಳಿದಳು ಎನ್ನುತ್ತಾರೆ. ಆಮೇಲೆ ಎದ್ದು ದನಿಯ ಕಡೆಗೆ ಹೊರಳಿ, ಹಗುರಾಗಿ ಹತ್ತಿ ಬಂದಳು. ಹುಲಗಪ್ಪ ಇನ್ನೂ ಹಾರೆ ಹಿಡಿದೇ ನಿಂತಿದ್ದ. ಅವಳು ಕೇಳಿದಳು:

"ಹಿಂದಕ್ಕ ನೋಡಿದೇನೋ?"

"ನೋಡಿದ್ನಿ ಯವ್ವಾ."

"ಕೂಸು ತಿರುಗಿದ್ರ ನಾ ತಿರುಗಸ್ತೀನಿ. ನೀ ಮುಂದ ನಡಿ."

ಕೂಸು ನಿಜಕ್ಕೂ ಅಡ್ಡ ತಿರುಗಿತ್ತು. ಹೊತ್ತು ನೆತ್ತಿಗೇರುವವರೆಗೂ ಅವಳ ಬೆರಳುಗಳು ದುಡಿದವು. ಹೆಣ್ಣುಕೂಸು ಅತ್ತ ಸದ್ದು ಹೊರಗೆ ಕೇಳುವ ಹೊತ್ತಿಗೆ ಕಾಲುವೆಯಲ್ಲಿ ನೀರು ಇಳಿದದ್ದನ್ನು ಕಂಡು ಗೌಡನೂ ಊರವರೂ ಹಟ್ಟಿಗೆ ಬಂದಿದ್ದರು. ಕಟ್ಟೆಯ ಅರ್ಧ ನೀರು ಹೋಗಿಬಿಟ್ಟಿತ್ತು. ಯಾರು ಕಿತ್ತದ್ದೆಂದು ಗೌಡ ಕೇಳಿದ. ತಾನೇ ಎಂದ ಹುಲಗಪ್ಪ. ಯಾಕೆ ಎಂದು ಕೇಳಿದರೆ ತಲೆ ತಗ್ಗಿಸಿದ, ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಭರಮವ್ವನ ಬದುಕು ಮುಗಿಯುತ್ತಿತ್ತು. ಹೆಂಗಸರು ಆಗಲೇ ಮಡಕೆಗಳನ್ನು ಗಾಡಿಗೆ ಏರಿಸತೊಡಗಿದ್ದರು. ಆ ಮೌನವನ್ನು ಒಳಗಿನಿಂದ ಕೇಳಿಸಿಕೊಂಡ ಭರಮವ್ವ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

"ನನ್ನ ಸಲುವಾಗಿ ಕಿತ್ತಾನ ಗೌಡಾ. ನನಗ ಕಣ್ಣ ಕಾಣಂಗಿಲ್ಲ. ಎಂಟು ವರ್ಷಾತು. ಆ ನೀರಿನ ಸಪ್ಪಳ ಹಿಡಕೊಂಡು ನಾ ಗುಡ್ಡ ಹತ್ತತಿದ್ನಿ."

ಗೌಡನ ಧೋತರ ಹಿಡಿದು ಅವನ ಮೊಮ್ಮಗ ನಿಂತಿದ್ದ, ವಯಸ್ಸು ಆರು. ಅವನೂ ಅಡ್ಡ ತಿರುಗಿದ್ದ ಕೂಸೇ. ಅವನನ್ನು ಈ ಲೋಕಕ್ಕೆ ತಂದದ್ದೂ ಇದೇ ಕೈ. ಗೌಡ ಮೊಮ್ಮಗನ ತಲೆಯ ಮೇಲೆ ಕೈಯಿಟ್ಟ. ಕಡೆಗೆ ಅವನ ಬಾಯಿಂದ ಬಂದದ್ದು ಇಷ್ಟೇ: "ಆ ಕಲ್ಲು ಮತ್ತ ಇಡಬ್ಯಾಡ್ರಿ. ಗಾಡೀ ಕೊಳ್ಳ ಹರೀರಿ." ಎತ್ತು ಬಿಚ್ಚಿದರು, ಮಡಕೆಗಳು ಗಾಡಿಯಿಂದ ಇಳಿದವು, ತುದಿಹಟ್ಟಿಯ ನೆಲ ಅವರದಾಯಿತು.

ಅರ್ಧ ಕಟ್ಟೆ ನೀರಿನಲ್ಲೇ ಕಲ್ಲಮಡ್ಡಿ ಬದುಕಿತು. ಭರಮವ್ವ ಆಮೇಲೆ ಹನ್ನೆರಡು ವರ್ಷ ಸೂಲಗಿತ್ತಿಯಾಗಿಯೇ ಇದ್ದಳು ಎನ್ನುತ್ತಾರೆ. ಅಂದಿನಿಂದ ಕರೆಯಲು ಹೋದ ಗಂಡಸರು ಹೆಜ್ಜೆಗೊಮ್ಮೆ ಹಿಂತಿರುಗಿ ನೋಡುತ್ತಲೇ ನಡೆದರಂತೆ. ಕಿತ್ತ ಕಲ್ಲು ಇವತ್ತಿಗೂ ಕಟ್ಟೆಯ ಪಕ್ಕದಲ್ಲೇ ಮಲಗಿದೆ. ಹತ್ತಿ ಬಂದವರು ಅದರ ಮೇಲೆ ಕೂತು ಚುರುಮುರಿ ತಿನ್ನುತ್ತಾರೆ. ಬರಗಾಲದ ವರ್ಷಗಳಲ್ಲಿ ಕೂಡ ಅದನ್ನು ತಿರುಗಿ ಸಂದಿಗೆ ಇಡೋಣ ಎಂದು ಊರಲ್ಲಿ ಯಾರೂ ಆಡಿದ್ದನ್ನು ನಾನು ಕೇಳಿಲ್ಲ.

ಇಷ್ಟು ಹೇಳಿದ ಮೇಲೆ ನಾನೂ ಒಂದು ಮಾತು ಮುಚ್ಚಿಡುವುದು ಸರಿಯಲ್ಲ. ಎರಡು ವರ್ಷದಿಂದ ನನಗೆ ಆ ಕಲ್ಲು ಕಾಣುತ್ತಿಲ್ಲ. ಕೂತಾಗ ತಂಪಾಗಿ ಕೈಗೆ ಸಿಗುತ್ತದೆ, ಅಷ್ಟೆ. ಒನಕೆ ದಾಟಿ, ಬಲಗಿವಿಗೆ ಕಡಗೋಲು ತುಂಬಿದಾಗ ಹೊರಳುತ್ತೇನೆ. ಬಂದವರು ಅಜ್ಜನಿಗೆ ದಾರಿ ಎಷ್ಟು ಚೆನ್ನಾಗಿ ಗೊತ್ತು ಎನ್ನುತ್ತಾ ಹಿಂದೆ ಬರುತ್ತಾರೆ. ಹೇಳಿದರೆ ಮನೆಯಲ್ಲಿ ಗುಡ್ಡ ಹತ್ತಲು ಬಿಡುವುದಿಲ್ಲವೆಂದು ಹೆದರಿದ್ದೆ. ಈಗ ನೀಲಮ್ಮನ ಪೆನ್ನಿನ ಸದ್ದು ನಿಂತಿತು. ಆಮೇಲೆ ಅವಳು ಮೂಗೆಳೆದುಕೊಂಡು "ನಾಳೆ ಹತ್ತೋವಾಗ ನಾನೂ ಬರ್ತೀನ್ರಿ ಮಾವ. ನೀವು ಮುಂದ ನಡೀರಿ" ಎಂದಳು.