ಗುರುವಾರ ಹಚ್ಚಿದ ಬಣ್ಣ

ಕೃಷ್ಣೆಯ ದಂಡೆಯ ಮೇಲೊಂದು ಸಣ್ಣ ಮಠ. ಅಲ್ಲಿನ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅವರ ಶಿಷ್ಯ ಗಿರಿಮಲ್ಲ. ಒಳ್ಳೆಯವನು, ಕೆಲಸದಲ್ಲಿ ಚುರುಕು. ಆದರೆ ಕ್ಯಾಲೆಂಡರ್ ನೋಡದೆ ಕ್ಷೌರಕ್ಕೂ ಕೂರುವವನಲ್ಲ.

ಆಚೆ ದಂಡೆಯ ಊರಿನಲ್ಲಿ ಅವನ ಅಕ್ಕ ನೀಲವ್ವ ಇದ್ದಳು. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ಅವಳೇ. ಒಂದು ದಿನ ಸಿಟ್ಟಿನ ಭರದಲ್ಲಿ ಗಿರಿಮಲ್ಲ, "ನೀ ಏನ ನನ್ನ ಹಡದಾಕೆನ?" ಅಂದುಬಿಟ್ಟ. ಅಂದವನು ಮನೆ ಬಿಟ್ಟು ಮಠ ಸೇರಿದ.

ಹೋಗಿ ಅವಳ ಕಾಲಿಗೆ ಬೀಳಬೇಕೆಂದು ಎಷ್ಟೋ ಸಲ ಅಂದುಕೊಂಡ. ಒಮ್ಮೆ ಆಷಾಢ ಅಡ್ಡ ಬಂತು, ಒಮ್ಮೆ ಗ್ರಹಣ. ಅಕ್ಕ ಬಟ್ಟೆ ಒಗೆಯುವುದು ಈಚೆ ದಂಡೆಗೆ ಕಾಣುತ್ತಿತ್ತು. ಕಂಡಾಗಲೆಲ್ಲ ಅವನು ಒಳಗೆ ಹೋಗಿ ಕ್ಯಾಲೆಂಡರಿನ ಹಾಳೆ ತಿರುವುತ್ತಿದ್ದ.

ಮಠಕ್ಕೊಂದು ಅಲ್ಯೂಮಿನಿಯಂ ದೋಣಿ ಇತ್ತು. ಬಣ್ಣ ಎದ್ದುಹೋಗಿ ಹುರುಕು ಹತ್ತಿದ ನಾಯಿಯ ಹಾಗೆ ಕಾಣುತ್ತಿತ್ತು.

"ಇದಕ್ಕ ಬಣ್ಣ ಹಚ್ಚು," ಅಂದರು ಅಜ್ಜಾರು.

"ಕಾವಿ ಬಣ್ಣ ತರಲೇನ್ರಿ? ಮಠದ ದೋಣಿ ಅಲ್ಲೇನ್ರಿ?"

"ಅದೇನ ಸನ್ಯಾಸ ತಗೊಂಡೈತೇನೋ? ಮದುವಿ ಮಂದೀನ ದಾಟಸ್ತೈತಿ, ಆಡು ಕುರಿ ದಾಟಸ್ತೈತಿ. ಮಂಜಿನ್ಯಾಗೂ ದೂರಕ್ಕ ಕಾಣಬೇಕು. ಹಳದಿ ತಾ. ತಾಮ್ರ ಬೆರೆಸಿದ್ದು ಕೊಟ್ಟರ ಮಾತ್ರ ತರಬ್ಯಾಡ, ಅಲ್ಯೂಮಿನಿಯಂ ತಿಂದ ಹಾಕ್ತೈತಿ."

ಗಿರಿಮಲ್ಲ ಹಳದಿ ಬಣ್ಣ ತಂದ. ಅದರ ಕೆಳಗೆ ಹಚ್ಚಲು ಅಲ್ಯೂಮಿನಿಯಂ ಪ್ರೈಮರೂ ತಂದ. ದೋಣಿ ದಂಡೆ ಹತ್ತಿತು. ಜನ ಹರಿಗೋಲಿನಲ್ಲಿ ದಾಟತೊಡಗಿದರು.

ಬುಧವಾರ ಮಧ್ಯಾಹ್ನದ ಹೊತ್ತಿಗೆ ಗಿರಿಮಲ್ಲ ಉಪ್ಪುಕಾಗದ ಹಿಡಿದು ದೋಣಿಯನ್ನು ಫಳಫಳ ಹೊಳೆಯುವ ಹಾಗೆ ಉಜ್ಜಿದ್ದ.

"ಭೇಷ್! ಈಗ ಪ್ರೈಮರ್ ಹಚ್ಚಿಬಿಡು," ಎಂದು ಹೇಳಿ ಅಜ್ಜಾರು ಒಳಗೆ ಹೋದರು.

ಗಿರಿಮಲ್ಲ ಕ್ಯಾಲೆಂಡರ್ ನೋಡಿದ. ರಾಹುಕಾಲ! ಅದು ಮುಗಿಯಲೆಂದು ಕೂತ. ಮುಗಿದ ಮೇಲೆ ಇನ್ನೊಂದು ಯೋಚನೆ ಬಂತು. ನಾಳೆ ಹೇಗೂ ಗುರುವಾರ, ಅದಕ್ಕಿಂತ ಒಳ್ಳೆಯ ದಿನ ಎಲ್ಲಿದೆ?

ಗುರುವಾರ ಊದಿನಕಡ್ಡಿ ಹಚ್ಚಿ, ಕಾಯಿ ಒಡೆದು, ಪ್ರೈಮರ್ ಬಳಿದ. ಅದು ಒಣಗಿದ ಮೇಲೆ ಹಳದಿ. ದೋಣಿ ಮದುಮಗಳಂತೆ ನೀರಿಗಿಳಿಯಿತು.

ಕೆಲವೇ ದಿನ. ಹಾಲಿನ ಕೆನೆ ಎದ್ದ ಹಾಗೆ ಬಣ್ಣ ಪದರ ಪದರವಾಗಿ ಎದ್ದು ಬಂತು.

ಅಜ್ಜಾರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಯಾವಾಗ ಹಚ್ಚಿದಿ?"

"ಗುರುವಾರ, ಅಮೃತ ಗಳಿಗ್ಯಾಗ ಹಚ್ಚೇನ್ರಿ!"

"ದೋಣಿ ಕ್ಯಾಲೆಂಡರ್ ಓದೂದಿಲ್ಲೋ ಮಾರಾಯಾ! ಉಜ್ಜಿದ ಅಲ್ಯೂಮಿನಿಯಂ ಗಾಳಿಗೆ ಬಿಟ್ಟರ ಮತ್ತ ಪೊರಿ ಕಟ್ಟತೈತಿ. ಕಣ್ಣಿಗೆ ಕಾಣೂದಿಲ್ಲ. ನೀ ಬಣ್ಣ ಹಚ್ಚಿದ್ದು ದೋಣಿಗಲ್ಲ, ಪೊರಿಗೆ."

ದೋಣಿ ಮತ್ತೆ ದಂಡೆಗೆ ಬಂತು. ಈ ಸಲ ಅಜ್ಜಾರೂ ಜೊತೆಗೆ ಉಜ್ಜಲು ಕೂತರು. ಆಚೆ ದಂಡೆಯಲ್ಲಿ ನೀಲವ್ವ ಬಟ್ಟೆ ಒಗೆಯುತ್ತಿದ್ದಳು.

"ಅಕ್ಕನ ಕಡೆ ಯಾವಾಗ ಹೋಗ್ತಿ?"

"ಶ್ರಾವಣ ಬರಲಿ ಅಜ್ಜಾರ."

"ನೀ ಸಣ್ಣಾಂವಿದ್ದಾಗ ಆಕಿ ಏನ ಉಣಸ್ತಿದ್ಲೋ?"

ಗಿರಿಮಲ್ಲನ ಕೈ ನಿಂತಿತು. "ನುಚ್ಚು ಮಜ್ಜಿಗಿ. ನನಗ ಜ್ವರ ಬಂದರ ಆಕಿನೂ ಉಣ್ತಿದ್ದಿಲ್ರಿ. ತಮ್ಮ ಎದ್ದು ಕುಂದ್ರಲಿ, ಆಮ್ಯಾಲೆ ಉಣ್ತೀನಿ ಅಂತಿದ್ಲು..." ಉಪ್ಪುಕಾಗದ ಕೆಳಗೆ ಬಿತ್ತು. ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ.

ಅಜ್ಜಾರು ಸಮಾಧಾನ ಮಾಡಲಿಲ್ಲ. ತಾವೇ ಬ್ರಷ್ ತೆಗೆದುಕೊಂಡು, ಉಜ್ಜಿದ ಮೈಗೆ ಸರಸರ ಪ್ರೈಮರ್ ಬಳಿಯತೊಡಗಿದರು.

ಗಿರಿಮಲ್ಲ ಕಣ್ಣೊರೆಸಿಕೊಂಡ. "ಅಕ್ಕನ್ನ ನೋಡಬೇಕ್ರಿ ಅಜ್ಜಾರ. ಬುದ್ಧಿಗೇಡಿ ನಾನು. ತಪ್ಪಾತು ಅನ್ನಬೇಕು."

"ಅನ್ನು."

"ಆದ್ರ ಇವತ್ತ ಮಂಗಳವಾರ ನೋಡ್ರಿ. ದೋಣಿನೂ ಹಸೀ ಐತಿ. ನಾಳೆ, ಇಲ್ಲಾ ಗುರುವಾರ..."

ಅಜ್ಜಾರು ಬ್ರಷ್ ಕೆಳಗಿಟ್ಟರು. ಹರಿಗೋಲಿನ ಹುಟ್ಟು ತಂದು ಅವನ ಕೈಗೆ ಕೊಟ್ಟರು.

"ಪೊರಿ ಕಟ್ಟೂದ್ರಾಗ ಹೋಗಿ ಬಾ."